ಫಿರಂಗಿಗಳು ಕಾಯ್ದ ಕಡಲಂಚು

ಕೆಲವು ವರ್ಷಗಳ ಹಿಂದೆ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಒಂದು ಶನಿವಾರ ಬೆಳಿಗ್ಗೆ ಅವನು, "ಅಪ್ಪ, ಈ ರಾತ್ರಿ ಡೇರೆಯಲ್ಲಿ ಮಲಗೋಣ" ಎಂದ. ಮನೆಯಲ್ಲಿ ಮೆತ್ತನೆಯ ಹಾಸಿಗೆ ಇರುವಾಗ ನೆಲದ ಮೇಲೆ ಮಲಗುವುದಕ್ಕೆ ಹಣ ತೆರುವುದು, ಅದಕ್ಕೂ ತಿಂಗಳುಗಟ್ಟಲೆ ಮೊದಲೇ ಹೆಸರು ಬರೆಸುವುದು ನನಗೆ ವಿಚಿತ್ರವಾಗಿ ಕಂಡಿತು. ಆದರೆ ಮೊಮ್ಮಗಳು ಆಗಲೇ ತನ್ನ ಗಂಟು ಕಟ್ಟಿ ಬಾಗಿಲಲ್ಲಿ ನಿಂತಿದ್ದಳು. ಹೊರಟೆವು.

ಗೋಲ್ಡನ್ ಗೇಟ್ ಸೇತುವೆಯನ್ನು ದಾಟಿ ಪಶ್ಚಿಮಕ್ಕೆ ತಿರುಗಿದರೆ ಮರಿನ್ ಹೆಡ್‌ಲ್ಯಾಂಡ್ಸ್ ಎಂಬ ಬೋಳು ಬೆಟ್ಟಗಳ ಸಾಲು. ಕಾರನ್ನು ಮೇಲೆಯೇ ಬಿಟ್ಟು, ಸುಮಾರು ಒಂದು ಮೈಲಿ ಇಳಿದರೆ ಕರ್ಬಿ ಕೋವ್ ಎಂಬ ಪುಟ್ಟ ಕೊಲ್ಲಿ. ಡೇರೆ ಹೂಡಲು ಐದೇ ಐದು ಜಾಗ. ಕುಡಿಯುವ ನೀರಿಲ್ಲ, ಅದನ್ನೂ ಹೊತ್ತೇ ಇಳಿಯಬೇಕು. ಇಳಿಯುವಾಗ ಗೊಣಗಿದೆ. ಇಳಿದ ಮೇಲೆ ಮಾತು ನಿಂತಿತು. ಎದುರಿಗೆ ಸೇತುವೆ, ಅದರಾಚೆ ನಗರದ ಸಹಸ್ರ ದೀಪಗಳು. ನಮ್ಮ ಬೆನ್ನಿಗೆ ಕಗ್ಗತ್ತಲ ಬೆಟ್ಟ. ಅಷ್ಟು ದೊಡ್ಡ ಪಟ್ಟಣದ ಹೊಸಿಲಲ್ಲಿ ಇಷ್ಟು ನೆಲ ಹೇಗೆ ಖಾಲಿ ಉಳಿಯಿತು? ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಉತ್ತರ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಡೇರೆಯ ಪಕ್ಕದಲ್ಲೇ ಹಳೆಯ ಫಿರಂಗಿ ಠಾಣ್ಯದ ಕಾಂಕ್ರೀಟು ಗೋಡೆ ನಿಂತಿತ್ತು.

ಈ ಬೆಟ್ಟಗಳ ಮೂಲ ಒಡೆಯರು ಕೋಸ್ಟ್ ಮಿವೋಕ್ ಜನ. ಅವರ ನಂತರ ಸ್ಪೇನಿನವರು, ಮೆಕ್ಸಿಕೋದವರು, ಕೊನೆಗೆ ಅಮೆರಿಕನರು ಬಂದರು. 1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿದ್ದೇ ತಡ, ಹಡಗುಗಳು ಈ ಕಿರಿದಾದ ಜಲದ್ವಾರದತ್ತ ಮುಗಿಬಿದ್ದವು. ಆದರೆ ದ್ವಾರಪಾಲಕನಾಗಿ ಮಂಜು ನಿಂತಿತ್ತು. 1853ರಲ್ಲಿ 'ಟೆನೆಸ್ಸೀ' ಎಂಬ ಉಗಿಹಡಗು ಮಂಜಿನಲ್ಲಿ ದಾರಿ ತಪ್ಪಿ ಇಲ್ಲಿಯ ಒಂದು ಕಡಲತಡಿಗೆ ಬಂದು ಬಿತ್ತು. ಪ್ರಯಾಣಿಕರು ಬದುಕಿದರು, ಹಡಗು ಹೋಯಿತು, ಕಣಿವೆಗೆ ಅದರ ಹೆಸರು ಮಾತ್ರ ಉಳಿಯಿತು.

1855ರಲ್ಲಿ ಪಾಯಿಂಟ್ ಬೊನೀಟ ಎಂಬ ಮೂತಿಯಲ್ಲಿ ದೀಪಸ್ತಂಭ ಬೆಳಗಿತು. ಸಮುದ್ರದಿಂದ ಮುನ್ನೂರು ಅಡಿಗೂ ಮೇಲೆ ಅದನ್ನು ಕಟ್ಟಿದ್ದರು. ಎತ್ತರವಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ! ಮಂಜು ಅಲ್ಲಿ ಮೇಲೆಯೇ ಕವಿಯುತ್ತಿದ್ದುದರಿಂದ ಕೆಳಗಿನ ನಾವಿಕನಿಗೆ ದೀಪವೇ ಕಾಣದು. ಮಂಜಿದ್ದಷ್ಟು ಹೊತ್ತೂ ಫಿರಂಗಿ ಹಾರಿಸಿ ಎಚ್ಚರಿಸಲು ಒಬ್ಬ ಹಳೆಯ ಸಿಪಾಯಿಯನ್ನು ನೇಮಿಸಿದರು. ಮಂಜು ದಿನಗಟ್ಟಲೆ ಬಿಡದಿದ್ದರೆ ಪಾಪ, ಅವನಿಗೆ ನಿದ್ದೆಯೆಲ್ಲಿಂದ ಬಂದೀತು? ಕೊನೆಗೆ 1877ರಲ್ಲಿ ದೀಪವನ್ನೇ ಕೆಳಗಿನ ಬಂಡೆಗೆ ಇಳಿಸಿದರು. ಬಂಡೆಯನ್ನು ಕೈಯಿಂದ ಕೊರೆದ ಸುರಂಗದೊಳಗೆ ನಡೆದು, ತೂಗುಸೇತುವೆ ದಾಟಿ ಇಂದಿನ ಯಾತ್ರಿಕರು ಅಲ್ಲಿಗೆ ಹೋಗುತ್ತಾರೆ.

ದೀಪದ ಹಿಂದೆಯೇ ಸೈನ್ಯ ಬಂತು. 1866ರಲ್ಲಿ ಸರಕಾರ ಇಲ್ಲಿಯ ನೆಲವನ್ನು ರಕ್ಷಣೆಗೆಂದು ಕೊಂಡಿತು. ಅಲ್ಲಿಂದ ಮುಂದೆ ಒಂದು ಫಿರಂಗಿಯ ಹಿಂದೆ ಅದಕ್ಕಿಂತ ದೊಡ್ಡ ಇನ್ನೊಂದು. ಕೊನೆಗೆ, 1940ರ ವೇಳೆಗೆ, ಬ್ಯಾಟರಿ ಟೌನ್‌ಸ್ಲಿ ಎಂಬಲ್ಲಿ ಗುಡ್ಡವನ್ನೇ ಬಗೆದು ಹದಿನಾರು ಅಂಗುಲ ಬಾಯಿಯ ಎರಡು ಫಿರಂಗಿಗಳನ್ನು ಕೂರಿಸಿದರು. ಒಂದೊಂದು ಗುಂಡಿನ ತೂಕ 2,100 ಪೌಂಡು. ಹಾರುವ ದೂರ ಸುಮಾರು 25 ಮೈಲಿ. ಶತ್ರುನೌಕೆ ಮಾತ್ರ ಆ ಗುರಿಗೆ ಬರಲೇ ಇಲ್ಲ. ಯುದ್ಧ ಮುಗಿದ ಮೇಲೆ ಅವನ್ನು ಕತ್ತರಿಸಿ ಗುಜರಿಗೆ ಹಾಕಿದರು. ಈಗ ಅಲ್ಲಿ ಪ್ರದರ್ಶನಕ್ಕಿಟ್ಟಿರುವ ನಳಿಕೆ 'ಮಿಸ್ಸೂರಿ' ಯುದ್ಧನೌಕೆಯದು; 1945ರಲ್ಲಿ ಜಪಾನು ಶರಣಾಗತಿಗೆ ಸಹಿ ಹಾಕಿದ್ದು ಆ ನೌಕೆಯ ಮೇಲೆಯೇ. ಫಿರಂಗಿಗಳ ಕಾಲ ಮುಗಿದು 1954ರಲ್ಲಿ ನೈಕಿ ಕ್ಷಿಪಣಿಗಳು ಬಂದವು. ನೆಲದಡಿಯ ಉಗ್ರಾಣದಲ್ಲಿ ಇಪ್ಪತ್ತು ವರ್ಷ ಆಕಾಶ ಕಾಯ್ದು, 1974ರಲ್ಲಿ ಅವೂ ನಿವೃತ್ತವಾದವು.

ಹೀಗೆ ಕಡಲಂಚಿನ ನೆಲ ಸೈನ್ಯದ ಬೇಲಿಯೊಳಗೆ, ಹಿಂದಿನ ಕಣಿವೆ ಹಸು ಸಾಕುವವರ ಕೈಯಲ್ಲಿ ಉಳಿಯಿತು. ನಿಜವಾದ ಮುತ್ತಿಗೆ ಬಂದದ್ದು ಸಮುದ್ರದಿಂದಲ್ಲ, ಒಳನಾಡಿನಿಂದ. 1964ರಲ್ಲಿ ಥಾಮಸ್ ಫ್ರೌಜ್ ಎಂಬ ಉದ್ಯಮಿ, ಗಲ್ಫ್ ಎಣ್ಣೆ ಕಂಪನಿಯ ಬಂಡವಾಳದೊಡನೆ, ಆ ಹಸುಗಾವಲಿನ ಮೇಲೆ 30,000 ಜನರ 'ಮರಿನ್‌ಚೆಲೊ' ಎಂಬ ಹೊಸ ಪಟ್ಟಣದ ನಕ್ಷೆಯನ್ನು ಹರವಿದ. ಎತ್ತರದ ಸೌಧಗಳು, ಅಂಗಡಿಬೀದಿ, ನೆತ್ತಿಯ ಮೇಲೆ ಹೋಟೆಲು. ಜಿಲ್ಲಾಡಳಿತ ಮರುವರ್ಷ ಒಪ್ಪಿಗೆಯನ್ನೂ ಕೊಟ್ಟಿತು. ರಸ್ತೆ ಕಡಿದರು, ಹೆಬ್ಬಾಗಿಲು ಎದ್ದಿತು. ಅದಕ್ಕೆ ಎದುರು ನಿಂತವರು ಊರಿನ ನಾಗರಿಕರು. ಮಾರ್ಟಿನ್ ರೋಸೆನ್, ರಾಬರ್ಟ್ ಪ್ರೇಟ್ಸೆಲ್, ಡಗ್ಲಸ್ ಫರ್ಗುಸನ್ ಎಂಬ ಮೂವರು ವಕೀಲರು ನ್ಯಾಯಾಲಯಕ್ಕೆ ಹೋಗಿ, ಆ ಒಪ್ಪಿಗೆ ಕ್ರಮಬದ್ಧವಲ್ಲವೆಂದು ಗೆದ್ದರು. ಅಷ್ಟರಲ್ಲಿ ಪಾಲುದಾರರೊಳಗೇ ಜಗಳ. 1969ರಲ್ಲಿ ಫ್ರೌಜ್ ತೀರಿಕೊಂಡ. 1972ರಲ್ಲಿ ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆ 65 ಲಕ್ಷ ಡಾಲರು ಕೊಟ್ಟು ಆ ನೆಲವನ್ನು ಕೊಂಡಿತು. ಅದೇ ವರ್ಷದ ಅಕ್ಟೋಬರ್ 27ರಂದು, ಫಿಲಿಪ್ ಬರ್ಟನ್ ಮೊದಲಾದವರು ಹೋರಾಡಿ ತಂದ ಮಸೂದೆಗೆ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಫಿರಂಗಿಯ ನೆಲ, ಹಸುವಿನ ನೆಲ ಎರಡೂ ಸೇರಿ ಜನರ ಉದ್ಯಾನವಾಯಿತು. ಪಟ್ಟಣಕ್ಕೆಂದು ಕಡಿದ ರಸ್ತೆಯಲ್ಲಿ ಈಗ ಜನ ಕಾಲ್ನಡೆಯಲ್ಲಿ ಬೆಟ್ಟ ಹತ್ತುತ್ತಾರೆ. ಅದರ ಹೆಸರು ಇಂದಿಗೂ ಮರಿನ್‌ಚೆಲೊ ಹಾದಿ!

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸೇತುವೆಯ ಮಂಜುಗಹಳೆ ಬೆಳಗಿನವರೆಗೂ ಕೂಗುತ್ತಲೇ ಇತ್ತು; ನೂರೈವತ್ತು ವರ್ಷಗಳ ಹಿಂದಿನ ಆ ಸಿಪಾಯಿಯ ನೆನಪಾಗಿ ಸಮಾಧಾನ ತಂದುಕೊಂಡೆ. ಬೆಳಿಗ್ಗೆ ಮೊಮ್ಮಗಳು ಫಿರಂಗಿ ಕೂರಿಸಿದ್ದ ಗುಂಡಿಯಲ್ಲಿ ಕಣ್ಣಾಮುಚ್ಚಾಲೆ ಆಡುತ್ತಿದ್ದಳು. "ಇಲ್ಲಿ ಏನಿತ್ತು ತಾತ?" ಎಂದು ಕೇಳಿದಳು. ಹೇಳಿದೆ. "ಯಾರನ್ನಾದರೂ ಹೊಡೆದರಾ?" "ಇಲ್ಲಮ್ಮ, ಯಾರನ್ನೂ ಇಲ್ಲ." "ಮತ್ತೆ ಯಾಕೆ ಇಟ್ಟಿದ್ದರು?"

ನಾನು ಬೆಂಗಳೂರಿನವನು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದ, ಸಂಪಂಗಿ ಕೆರೆ ಕ್ರೀಡಾಂಗಣವಾದ ಊರು ನಮ್ಮದು. ನಮ್ಮ ಕೆರೆಗಳ ದಡದಲ್ಲಿ ಯಾವ ಫಿರಂಗಿಯೂ ಇರಲಿಲ್ಲ. ಇರಬೇಕಾಗಿದ್ದದ್ದು ಮೂವರು ವಕೀಲರು, ಅವರ ಹಿಂದೆ ಒಂದಷ್ಟು ಜನ. "ನೀನು ಇಲ್ಲಿ ಆಡಲಿ ಅಂತ ಇಟ್ಟಿದ್ದರು" ಎಂದೆ. ಮಗು ನಂಬಿ ಮತ್ತೆ ಆಟಕ್ಕೆ ಓಡಿತು. ಖಾಲಿ ನೀರಿನ ಡಬ್ಬಿ ಹೊತ್ತು ನಾವು ಬೆಟ್ಟ ಹತ್ತಲು ಸಿದ್ಧರಾದೆವು.