ಒಂದು ಇಲಿ ಬೇಕಾದರೆ ಯಾರನ್ನ ಕೇಳಬೇಕು? ತಿರುವಾನ್ಮಿಯೂರಿನ ಒಂದು ಹಳೇ ವಿಳಾಸದ ಕಥೆ

ಚೆನ್ನೈನಲ್ಲಿರೋ ನಮ್ಮವರಿಗೆ ತಿರುವಾನ್ಮಿಯೂರು ಅಂದರೆ ಟೈಡಲ್ ಪಾರ್ಕ್ ಸಿಗ್ನಲ್, ಆಫೀಸ್ ಕ್ಯಾಬ್, ಸಂಜೆ ಆದ್ರೆ ಬೀಚು. ಆ ಬೀಚಿಗೆ ಹೋಗೋ ದಾರೀಲಿ ವಾಲ್ಮೀಕಿ ನಗರ ಸಿಗುತ್ತೆ, ಅಲ್ಲಿ 3ನೇ ಸೀವರ್ಡ್ ರಸ್ತೆ. ನಂಬರ್ 13/1ರಲ್ಲಿ ವರ್ಷಗಟ್ಟಲೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳನ್ನ ನಿಯಂತ್ರಿಸೋ ಕೇಂದ್ರ ಸಮಿತಿ ಸಿಪಿಸಿಎಸ್‌ಇಎ ಪ್ರಕಟಿಸಿದ ಮಾರ್ಗಸೂಚಿ ಪುಸ್ತಕದ ಮೇಲೂ ಇದೇ ವಿಳಾಸ.

ನನಗೆ ಈ ಹೆಸರು ಪರಿಚಯ ಆಗಿದ್ದು ಎಂಟೆಕ್ ಪ್ರಾಜೆಕ್ಟ್‌ನಲ್ಲಿ. ವಿಷಯ ಸಿಗ್ನಲ್ ಪ್ರೊಸೆಸಿಂಗ್. ಫಾರ್ಮಕಾಲಜಿಯವರೊಬ್ಬರು ಇಲಿಗಳ ಮೆದುಳಿನ ಸಿಗ್ನಲ್ ಇದ್ದ ಒಂದು ಸಿಎಸ್‌ವಿ ಫೈಲ್ ಕೊಟ್ಟಿದ್ದರು. ಆರ್1ರಿಂದ ಆರ್12ರ ತನಕ ಹನ್ನೆರಡು ಕಾಲಮ್. ಆರ್7 ಅರ್ಧಕ್ಕೇ ನಿಂತಿತ್ತು. ಮಿಸ್ಸಿಂಗ್ ಡೇಟಾ ಅಂತ ಡಿಲೀಟ್ ಮಾಡಿ ಮುಂದೆ ಹೋದೆ. ಕೊನೆಗೆ ಪೇಪರ್ ಕಳಿಸುವಾಗ ಜರ್ನಲ್‌ನವರು ಎಥಿಕ್ಸ್ ಅನುಮತಿ ನಂಬರ್ ಕೇಳಿದರು. ಯಾವ ಅನುಮತಿ ಅಂತ ಹುಡುಕಿಕೊಂಡು ಹೋದಾಗ ಈ ಇತಿಹಾಸ ಸಿಕ್ಕಿತು.

ಶುರು ಮಾಡಬೇಕಾದ್ದು ರುಕ್ಮಿಣಿದೇವಿ ಅರುಂಡೇಲ್ ಅವರಿಂದ. ಹೌದು, ಕಲಾಕ್ಷೇತ್ರದ ರುಕ್ಮಿಣಿದೇವಿಯೇ. 1952ರಲ್ಲಿ ರಾಜ್ಯಸಭೆಗೆ ನಾಮಕರಣ ಆದರು, ಹತ್ತು ವರ್ಷ ಇದ್ದರು. ಅಲ್ಲಿ ಹೋಗಿ ಅವರು ಹಿಡಿದ ವಿಷಯ ಭರತನಾಟ್ಯ ಅಲ್ಲ, ಪ್ರಾಣಿಹಿಂಸೆ. ಬ್ರಿಟಿಷರು 1876ರಲ್ಲೇ ತಮ್ಮ ದೇಶದಲ್ಲಿ ಪ್ರಾಣಿಪ್ರಯೋಗಕ್ಕೆ ಲೈಸೆನ್ಸ್ ಕಡ್ಡಾಯ ಮಾಡಿದ್ದರು. ನಮಗೆ 1890ರಲ್ಲಿ ಕೊಟ್ಟ ಪ್ರಾಣಿಹಿಂಸೆ ಕಾಯ್ದೆಯಲ್ಲಿ ಅಂಥ ಲೈಸೆನ್ಸ್ ವ್ಯವಸ್ಥೆಯೇ ಇರಲಿಲ್ಲ. ರುಕ್ಮಿಣಿದೇವಿ ಖಾಸಗಿ ಮಸೂದೆ ತಂದರು. ಸರ್ಕಾರವೇ ಒಂದು ಕಾನೂನು ತರುತ್ತೆ ಅಂತ ನೆಹರೂ ಭರವಸೆ ಕೊಟ್ಟ ಮೇಲೆ ವಾಪಸ್ ತೆಗೆದುಕೊಂಡರು. ಆ ಭರವಸೆಯಿಂದ ಬಂದದ್ದೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. 1962ರಲ್ಲಿ ಮಂಡಳಿ ಶುರುವಾಯ್ತು, ಅವರೇ ಅಧ್ಯಕ್ಷೆ. ಆಫೀಸ್ ದಿಲ್ಲಿಯಲ್ಲಿ ಇರದೆ ಮದರಾಸಿನಲ್ಲಿ ಇದ್ದದ್ದು ಅದಕ್ಕೇ.

ಈಗ ಆ ಕಾಯ್ದೆಯ ನಾಲ್ಕನೇ ಅಧ್ಯಾಯ ನೋಡಿ. 14ನೇ ಸೆಕ್ಷನ್ ಪ್ರಯೋಗಕ್ಕೆ ಒಪ್ಪಿಗೆ ಕೊಡುತ್ತೆ: ಹೊಸ ಜ್ಞಾನಕ್ಕೆ, ಜೀವ ಉಳಿಸೋಕೆ, ರೋಗ ತಡೆಯೋಕೆ ಆಗಬಹುದು. 17ನೇ ಸೆಕ್ಷನ್‌ನಲ್ಲಿ ಷರತ್ತುಗಳಿವೆ. ಸಣ್ಣ ಪ್ರಾಣಿಯಲ್ಲಿ ಆಗೋ ಕೆಲಸಕ್ಕೆ ದೊಡ್ಡ ಪ್ರಾಣಿ ಬೇಡ. ಬರೀ ಕೈಚಳಕ ಕಲಿಯೋಕೆ ಪ್ರಯೋಗ ಬೇಡ. ಕಾಲೇಜಲ್ಲಿ ಪಾಠಕ್ಕೆ ಪುಸ್ತಕ, ಮಾಡೆಲ್, ಫಿಲ್ಮ್ ಸಾಕಾಗೋದಾದ್ರೆ ಪ್ರಾಣಿ ಬೇಡ. 1960ರಲ್ಲೇ ಫಿಲ್ಮ್ ಅಂತ ಬರೆದಿದ್ದಾರೆ! ಟಿವಿ ಕೂಡ ಮನೆಗೆ ಬರದ ಕಾಲ.

ಆದರೂ ನನ್ನ ದೊಡ್ಡಕ್ಕ ತೊಂಬತ್ತರ ದಶಕದಲ್ಲಿ ಶಿವಮೊಗ್ಗದಲ್ಲಿ ಬಿಎಸ್ಸಿ ಓದುವಾಗ ಕಪ್ಪೆ ಕೊಯ್ದಿದ್ದಾಳೆ. ಕ್ಲೋರೋಫಾರ್ಮ್, ಮೇಣದ ಟ್ರೇ, ನಾಲ್ಕು ಕಾಲಿಗೆ ನಾಲ್ಕು ಪಿನ್ನು. ಮಳೆಗಾಲದಲ್ಲಿ ಅಟೆಂಡರ್ ಗೋಣಿಚೀಲದಲ್ಲಿ ಕಪ್ಪೆ ತರುತ್ತಿದ್ದರಂತೆ. ಕಾನೂನಿಗೆ ಮೂವತ್ತು ವರ್ಷ ದಾಟಿತ್ತು, ಅವಳ ಲ್ಯಾಬಿಗೆ ಅದರ ಸುಳಿವೇ ಇರಲಿಲ್ಲ. ಯಾಕೆ? ಸಮಿತಿ 1964ರಲ್ಲಿ ಆಗಿತ್ತು, 1968ರಲ್ಲಿ ನಿಯಮಗಳೂ ಬಂದವು, ಆಮೇಲೆ ಎಲ್ಲ ನಿದ್ದೆ. ಸಮಿತಿಯ ಆದೇಶ ಮೀರಿದರೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 200 ರೂಪಾಯಿ. ನಮ್ಮ ಭಾಷೇಲಿ ಹೇಳಬೇಕಂದ್ರೆ ಕೋಡ್ ಇತ್ತು, ಅದನ್ನ ಕಾಲ್ ಮಾಡೋರು ಯಾರೂ ಇರಲಿಲ್ಲ.

ಎಬ್ಬಿಸೋಕೆ ಗಲಾಟೆ ಮಾಡಿದವರಲ್ಲಿ ಚೆನ್ನೈನವರೇ ಮುಖ್ಯರು: ಬ್ಲೂ ಕ್ರಾಸ್ ಆಫ್ ಇಂಡಿಯಾ. 1959ರಲ್ಲಿ ಅದನ್ನ ಕಟ್ಟಿದ ಕ್ಯಾಪ್ಟನ್ ವಿ. ಸುಂದರಂ ಮತ್ತು ಉಷಾ ಸುಂದರಂ ನಮಗೆ ಅಪರಿಚಿತರಲ್ಲ. ಅವರು ಪೈಲಟ್‌ಗಳು. ಬೆಂಗಳೂರಿನ ಜಕ್ಕೂರು ಇದೆಯಲ್ಲ, ಅಲ್ಲಿನ ಸರ್ಕಾರಿ ವಿಮಾನ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದರು ಸುಂದರಂ. ಆ ಶಾಲೆಯಲ್ಲಿ 1949ರಲ್ಲಿ ಮೊದಲು ಪಾಸಾದವರು ಉಷಾ. 1951ರಲ್ಲಿ ಲಂಡನ್ನಿಂದ ಮುಂಬೈಗೆ ಡವ್ ವಿಮಾನವನ್ನ 27 ಗಂಟೆಯಲ್ಲಿ ಹಾರಿಸಿಕೊಂಡು ಬಂದವರು ಇದೇ ಗಂಡ ಹೆಂಡತಿ. ಇದು ಬೇರೆ ವಿಡಿಯೋಗೆ ಬೇಕಾದಷ್ಟು ಇದೆ. ಈಗ ಇಷ್ಟು ಸಾಕು: ಅವರ ಮಗ ಚಿನ್ನಿ ಕೃಷ್ಣ ಮುಂದೆ ತರಗತಿಯ ಕಪ್ಪೆಗಳ ಪರವಾಗಿ ಬಡಿದಾಡಿದರು. ಬ್ಲೂ ಕ್ರಾಸ್‌ನವರು ‘ಕಂಪ್ಯೂಫ್ರಾಗ್’ ಅನ್ನೋ ಸಾಫ್ಟ್‌ವೇರನ್ನೇ ತಂದರು. ಪಿನ್ನಿಲ್ಲ, ಕತ್ತರಿಯಿಲ್ಲ, ಸ್ಕ್ರೀನ್ ಮೇಲೆ ಕಪ್ಪೆ. ಮದರಾಸಿನಲ್ಲಿ ಸಾಫ್ಟ್‌ವೇರ್ ಮಾಡಿದ ಒಳ್ಳೇ ಕೆಲಸಗಳ ಪಟ್ಟಿ ಮಾಡಿದರೆ ನಾನು ಇದನ್ನ ಮೇಲೇ ಇಡ್ತೀನಿ.

1998ರಲ್ಲಿ ಮೇನಕಾ ಗಾಂಧಿ ನೇತೃತ್ವದಲ್ಲಿ ಸಮಿತಿಗೆ ಮತ್ತೆ ಜೀವ ಬಂತು, ಹೊಸ ನಿಯಮಗಳೂ ಬಂದವು. ಪ್ರಾಣಿ ಬಳಸೋ ಪ್ರತಿ ಸಂಸ್ಥೆಯೂ ನೋಂದಣಿ ಮಾಡಿಸಬೇಕು. ಒಳಗೆ ಐಎಇಸಿ ಅಂತ ಎಂಟು ಜನರ ಎಥಿಕ್ಸ್ ಸಮಿತಿ ಇರಬೇಕು. ವಿಜ್ಞಾನಿಗಳು, ಪಶುವೈದ್ಯರು, ಪ್ರಾಣಿಮನೆ ನೋಡಿಕೊಳ್ಳೋರು, ಹೊರಗಿನ ಒಬ್ಬ ವಿಜ್ಞಾನಿ, ಕೇಂದ್ರ ಸಮಿತಿಯ ಪ್ರತಿನಿಧಿ. ಜೊತೆಗೆ ವಿಜ್ಞಾನಿ ಅಲ್ಲದ, ಸಮಾಜದ ಕಾಳಜಿ ಇರೋ ಒಬ್ಬರು. ನನ್ನ ಪ್ರಕಾರ ಇಡೀ ವ್ಯವಸ್ಥೆಯ ತಿರುಳು ಈ ಕೊನೆಯ ಕುರ್ಚಿ. ಸಂಶೋಧಕ ‘ಫಾರ್ಮ್ ಬಿ’ ತುಂಬಬೇಕು: ಯಾವ ಪ್ರಾಣಿ, ಎಷ್ಟು, ಅಷ್ಟೇ ಯಾಕೆ, ಬೇರೆ ದಾರಿ ಇಲ್ವಾ, ನೋವಿಗೆ ಏನು ಮಾಡ್ತೀರಿ, ಮುಗಿದ ಮೇಲೆ ಏನು. ಇಲಿ, ಮೊಲ, ಗಿನಿಪಿಗ್ ಆದರೆ ಕಾಲೇಜಿನ ಸಮಿತಿಯೇ ನಿರ್ಧರಿಸುತ್ತೆ. ನಾಯಿ, ಕೋತಿ, ಕುರಿ ಆದರೆ ಕೇಂದ್ರ ಸಮಿತಿಗೇ ಹೋಗಬೇಕು.

1959ರಲ್ಲಿ ರಸೆಲ್ ಮತ್ತು ಬರ್ಚ್ ಅನ್ನೋ ಇಂಗ್ಲೆಂಡಿನ ಇಬ್ಬರು ಮೂರು ಸೂತ್ರ ಹೇಳಿದ್ದರು: ಬದಲಿ ಹುಡುಕು, ಸಂಖ್ಯೆ ಇಳಿಸು, ನೋವು ತಗ್ಗಿಸು. ನಮ್ಮವರು ನಾಲ್ಕನೆಯದು ಸೇರಿಸಿದರು, ಪುನರ್ವಸತಿ. ಪ್ರಯೋಗ ಮುಗಿದ ಮೇಲೂ ಆ ಪ್ರಾಣಿಯ ಜವಾಬ್ದಾರಿ ನಿನ್ನದೇ ಅಂತ.

ವಿಜ್ಞಾನಿಗಳ ಸಿಟ್ಟನ್ನೂ ಹೇಳಬೇಕು. ತಿಂಗಳುಗಟ್ಟಲೆ ಕಾಯಬೇಕು, ಪಿಎಚ್‌ಡಿ ಹುಡುಗರ ಫೆಲೋಶಿಪ್ ಅಷ್ಟರಲ್ಲಿ ಮುಗಿಯುತ್ತೆ ಅನ್ನೋ ದೂರು ಸುಳ್ಳಲ್ಲ. ಪ್ರಾಣಿ ಬಿಟ್ಟು ಔಷಧ ಬಂದಿದ್ದೂ ಕಡಿಮೆ. ನಾಯಿ ಕಚ್ಚಿದರೆ ಹೊಟ್ಟೆಗೆ ಹಾಕ್ತಿದ್ದ ಸಾಲು ಸಾಲು ಇಂಜೆಕ್ಷನ್ ನೆನಪಿದೆಯಾ? ಆ ಲಸಿಕೆ ಕುರಿಯ ಮೆದುಳಿನಿಂದ ಮಾಡ್ತಿದ್ದದ್ದು, ನೀಲಗಿರಿಯ ಕೂನೂರಿನಲ್ಲೂ ತಯಾರಾಗುತ್ತಿತ್ತು. ಎಷ್ಟೋ ಜೀವ ಉಳಿಸಿತು. ಕೆಲವರಿಗೆ ಅದೇ ಲಸಿಕೆಯಿಂದ ನರಗಳಿಗೆ ತೊಂದರೆಯೂ ಆಗ್ತಿತ್ತು. ಸೆಲ್ ಕಲ್ಚರ್ ಲಸಿಕೆ ಬಂದು, 2005ರ ಹೊತ್ತಿಗೆ ಹಳೇದು ನಿಂತಾಗ ಕುರಿಗೂ ಮನುಷ್ಯನಿಗೂ ಒಟ್ಟಿಗೇ ಒಳ್ಳೇದಾಯ್ತು. ಬದಲಿ ಹುಡುಕೋದು ಬರೀ ಪ್ರಾಣಿದಯೆ ಅನ್ನೋರಿಗೆ ನಾನು ಕೊಡೋ ಉದಾಹರಣೆ ಇದು.

ತರಗತಿಯ ಕಪ್ಪೆಗೆ ಬಿಡುಗಡೆ ಇನ್ನೂ ತಡ. ಯುಜಿಸಿ 2011ರಲ್ಲಿ ಹಂತಹಂತವಾಗಿ ಬಿಡಿ ಅಂತು, 2014ರಲ್ಲಿ ಪದವಿ ಮತ್ತು ಸ್ನಾತಕೋತ್ತರ ಜುವಾಲಜಿ ತರಗತಿಗಳಲ್ಲಿ ಕೊಯ್ಯೋದನ್ನ ನಿಲ್ಲಿಸಿತು. 1960ರಿಂದ ಲೆಕ್ಕ ಹಾಕಿ, 54 ವರ್ಷ. ಅಕ್ಕನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: “ಹಂಗಾದ್ರೆ ನಮ್ಮ ಕಾಲದಲ್ಲೂ ಬೇಡ ಅಂತ ಹೇಳಬಹುದಿತ್ತೇನೋ?”

ಮಂಡಳಿ 2018ರಲ್ಲಿ ಹರಿಯಾಣದ ಬಲ್ಲಭಗಢಕ್ಕೆ ಹೋಯ್ತು. ಸಮಿತಿಯ ಹೆಸರೂ ಈಗ ಸಿಸಿಎಸ್‌ಇಎ ಆಗಿದೆ. ನನ್ನ ಪೇಪರಿಗೆ ಅನುಮತಿ ನಂಬರ್ ಸಿಕ್ಕಿತು, ಫಾರ್ಮಕಾಲಜಿಯವರು ಕ್ರಮವಾಗಿ ಎಲ್ಲ ಮಾಡಿದ್ದರು. ನಂಬರ್ ಕೊಡುವಾಗ ರಿಜಿಸ್ಟರ್ ತೆರೆದು ತೋರಿಸಿದರು. ಆರ್7ರ ಸಾಲು ಇತ್ತು. ನೋವು ಜಾಸ್ತಿ ಆಗಿದ್ದರಿಂದ ಪ್ರಯೋಗವನ್ನ ಮಧ್ಯದಲ್ಲೇ ನಿಲ್ಲಿಸಿ, ಅರಿವಳಿಕೆಯಲ್ಲೇ ಜೀವ ತೆಗೆದಿದ್ದರು. ತಾರೀಖು, ಸಮಯ, ಸಹಿ. ಮನೆಗೆ ಬಂದು ಹಳೇ ಫೈಲ್‌ನಿಂದ ಆ ಕಾಲಮ್ ವಾಪಸ್ ಹಾಕಿದೆ. ಪೇಪರಿನಲ್ಲಿ ಹನ್ನೊಂದು ಅಂತಿದ್ದ ಸಂಖ್ಯೆಯನ್ನ ಹನ್ನೆರಡು ಮಾಡಿ, ಒಂದು ಯಾಕೆ ನಿಂತಿತು ಅಂತ ಒಂದು ಸಾಲು ಸೇರಿಸಿದೆ.