ಮಹಾಬಳೇಶ್ವರದ ಕೆರೆ ಕಟ್ಟಿಸಿದವರು ಯಾರು?



ಏಪ್ರಿಲ್ ಬಂತೆಂದರೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನುಗಳ ಧಾಟಿಯೇ ಬದಲಾಗುತ್ತದೆ. ಹಾಡಿನ ಕೋರಿಕೆಯ ಬೆನ್ನಿಗೆ ಇನ್ನೊಂದು ಕೋರಿಕೆ ಇರುತ್ತದೆ: "ಮಕ್ಕಳಿಗೆ ರಜೆ ಬಂತು, ಎರಡು ದಿನ ಎಲ್ಲಾದರೂ ತಂಪಾಗಿರೋ ಕಡೆ ಹೋಗಿಬರೋಣ ಅಂತ. ಎಲ್ಲಿಗೆ ಹೋಗಬಹುದು ಹೇಳಿ?" ಬೆಂಗಳೂರಿನವರಿಗಾದರೆ ಊಟಿ ಎನ್ನಬಹುದು. ಮಗರಪಟ್ಟಾ, ಹಡಪಸರ ಕಡೆಯ ನಮ್ಮ ಜನಕ್ಕೆ ಉತ್ತರ ಸುಲಭ. ಮಹಾಬಳೇಶ್ವರ! ಪುಣೆಯಿಂದ ಸುಮಾರು 120 ಕಿಲೋಮೀಟರ್. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ಬೆಟ್ಟದ ಮೇಲೆ.

ಕನ್ನಡಿಗರಿಗೆ ಮಹಾಬಳೇಶ್ವರ ಎಂದ ಕೂಡಲೇ ಮೊದಲು ನೆನಪಾಗುವುದು ಗೋಕರ್ಣ. ಅದು ಸಮುದ್ರದ ದಂಡೆಯ ಮಹಾಬಳೇಶ್ವರನಾದರೆ ಇವನು ಸಮುದ್ರ ಮಟ್ಟದಿಂದ ಸುಮಾರು 4,500 ಅಡಿ ಎತ್ತರದಲ್ಲಿ ಕುಳಿತವನು. ಇಲ್ಲಿಗೆ ಹೋದವರೆಲ್ಲ ತಪ್ಪದೆ ನೋಡುವುದು ವೆಣ್ಣಾ ಕೆರೆ. ದೋಣಿಗೆ ಸಾಲು, ಕುದುರೆ ಸವಾರಿ, ಸುಟ್ಟ ಮೆಕ್ಕೆಜೋಳ, ಸ್ಟ್ರಾಬೆರಿ ಕ್ರೀಮ್, ಆಮೇಲೆ ಫೋಟೋ. ಅಲ್ಲಿ ನಿಂತವರನ್ನು "ಈ ಕೆರೆ ಯಾರು ಕಟ್ಟಿಸಿದ್ದು?" ಎಂದು ಕೇಳಿ ನೋಡಿ. "ಇನ್ಯಾರು, ಬ್ರಿಟಿಷರು" ಎನ್ನುವವರೇ ಹೆಚ್ಚು. ಆ ಉತ್ತರ ಸರಿಯಲ್ಲ. ಸರಿಯಾದ ಉತ್ತರ ಗೊತ್ತಾಗಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ, ಅದಕ್ಕೂ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬನ್ನಿ, ಹೋಗೋಣ.

ಬ್ರಿಟಿಷರು ಈ ಬೆಟ್ಟ ಹತ್ತುವ ಮೊದಲೂ ಅಲ್ಲಿ ಊರಿತ್ತು. ಈಗಿನ ಪೇಟೆಯಿಂದ ಕೆಲವು ಕಿಲೋಮೀಟರ್ ದೂರದ ಕ್ಷೇತ್ರ ಮಹಾಬಳೇಶ್ವರವೇ ಆ ಹಳೆಯ ಊರು. ಅಲ್ಲಿನ ಪಂಚಗಂಗಾ ಗುಡಿಯಲ್ಲಿ ಕೃಷ್ಣಾ, ವೆಣ್ಣಾ, ಕೊಯ್ನಾ, ಗಾಯತ್ರಿ, ಸಾವಿತ್ರಿ ಎಂಬ ಐದು ನದಿಗಳು ಹುಟ್ಟುತ್ತವೆ ಎಂಬ ನಂಬಿಕೆ. ಕಲ್ಲಿನ ಗೋಮುಖದಿಂದ ಸಣ್ಣಗೆ ನೀರು ಬೀಳುತ್ತಿರುತ್ತದೆ. ವಿಜಯಪುರ, ಬಾಗಲಕೋಟೆ, ರಾಯಚೂರಿನ ಹೊಲಗಳಿಗೆ ಹರಿಯುವ ಕೃಷ್ಣೆ ಇದೇನಾ ಎಂದು ನೋಡಿದವರು ಬೆರಗಾಗುತ್ತಾರೆ. ಹದಿಮೂರನೇ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣ ಇಲ್ಲಿಗೆ ಬಂದು ಗುಡಿ, ಕೊಳ ಕಟ್ಟಿಸಿದನೆಂದು ಹೇಳುತ್ತಾರೆ. ಸೇವುಣರ ನೂರಾರು ಶಾಸನಗಳು ಕನ್ನಡದಲ್ಲಿರುವುದು ನಿಮಗೆ ಗೊತ್ತೇ ಇದೆ. ಹಾಗಾಗಿ ಈ ಬೆಟ್ಟ ನಮಗೆ ತೀರಾ ಪರಕೀಯವೇನಲ್ಲ. ಮುಂದೆ ಈ ಜಾವಳಿಯ ಕಾಡು ವಿಜಾಪುರದ ಆದಿಲಶಾಹಿಗಳ ಕೈಕೆಳಗಿನ ಮೋರೆ ಮನೆತನದ್ದಾಯಿತು. 1656ರಲ್ಲಿ ಶಿವಾಜಿ ಮಹಾರಾಜರು ಜಾವಳಿಯನ್ನು ಗೆದ್ದು ಪ್ರತಾಪಗಡ ಕಟ್ಟಿಸಿದರು. 1659ರ ನವೆಂಬರ್ 10ರಂದು ವಿಜಾಪುರದ ಸೇನಾಪತಿ ಅಫಜಲಖಾನ ಸತ್ತದ್ದು ಆ ಕೋಟೆಯ ಬುಡದಲ್ಲೇ.

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿಯಿತು. ಇಂಗ್ಲಿಷರು ಶಿವಾಜಿಯ ವಂಶದ ಪ್ರತಾಪಸಿಂಹನನ್ನು ಸಾತಾರದ ಗಾದಿಯ ಮೇಲೆ ಕೂರಿಸಿದರು. 1824ರಲ್ಲಿ ಪೀಟರ್ ಲಾಡ್ವಿಕ್ ಎಂಬ ಸೈನ್ಯಾಧಿಕಾರಿ ಈ ಬೆಟ್ಟ ಹತ್ತಿದ. ಇವತ್ತಿನ ಲಾಡ್ವಿಕ್ ಪಾಯಿಂಟ್ ಅವನ ಹೆಸರಿನದೇ. ಆಮೇಲೆ ಮುಂಬಯಿ ಗವರ್ನರ್ ಆಗಿ ಬಂದ ಸರ್ ಜಾನ್ ಮಾಲ್ಕಮ್‌ಗೆ ಈ ಜಾಗ ಬಹಳ ಹಿಡಿಸಿತು. ಕಾಯಿಲೆ ಬಿದ್ದ ಸೈನಿಕರಿಗೆ ಇಲ್ಲೊಂದು ಆರೋಗ್ಯಧಾಮ ಆಯಿತು. ಸಾತಾರದ ರಾಜನೇ ಬೆಟ್ಟಕ್ಕೆ ರಸ್ತೆ ಹಾಕಿಸಿಕೊಟ್ಟ. 1829ರಲ್ಲಿ ಒಂದು ಒಪ್ಪಂದವಾಗಿ ಬೆಟ್ಟದ ಮೇಲಿನ ನೆಲ ಇಂಗ್ಲಿಷರ ಕೈಸೇರಿತು. ಬದಲಿಗೆ ರಾಜನಿಗೆ ಸಿಕ್ಕಿದ್ದು ವಾಯಿ ಸೀಮೆಯ ಖಂಡಾಳ ಎಂಬ ಒಂದು ಹಳ್ಳಿ! ಹೊಸ ಊರಿಗೆ ಮಾಲ್ಕಮ್ ಪೇಟ ಎಂದು ಹೆಸರಾಯಿತು.

ಇಂಗ್ಲಿಷರಿಗೆ ಬೆಟ್ಟದ ಮೇಲೆ ಏಕಿಷ್ಟು ಮೋಹ ಎಂದು ನೀವು ಕೇಳಬಹುದು. ಅದು ಬರೀ ಮೋಹವಾಗಿರಲಿಲ್ಲ, ಜೀವಭಯವೂ ಇತ್ತು. ಬಯಲಿನಲ್ಲಿ ಕಾಲರಾ, ಚಳಿಜ್ವರಕ್ಕೆ ಅವರ ಸೈನಿಕರು ಸಾಲುಸಾಲಾಗಿ ಸಾಯುತ್ತಿದ್ದರು. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಪುರಾವೆ ಕಂಡದ್ದು 1897ರಲ್ಲಿ. ಅಲ್ಲಿಯವರೆಗೆ ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ, ಎತ್ತರದ ಗಾಳಿಯೇ ಔಷಧ ಎಂಬ ನಂಬಿಕೆ ಇತ್ತು. ಆದ್ದರಿಂದಲೇ ದೇಶದುದ್ದಕ್ಕೂ ಒಂದೇ ಕಾಲದಲ್ಲಿ ಇಂಥ ಊರುಗಳು ಹುಟ್ಟಿದವು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ನೀಲಗಿರಿ ಹತ್ತಿದ, 1823ರಿಂದ 1825ರೊಳಗೆ ಊಟಿಯ ಕೆರೆ ಕಟ್ಟಿಸಿದ. ಆ ನೀಲಗಿರಿಯೂ ಟಿಪ್ಪುವಿನ ಪತನದವರೆಗೆ ಮೈಸೂರಿನದೇ ಆಗಿತ್ತು. ಅಲ್ಲಿನ ಬಡಗರ ಮಾತು ಕೇಳಿದರೆ ಕನ್ನಡದ ಕಿವಿಗೆ ಅರ್ಧಕ್ಕರ್ಧ ತಿಳಿದುಬಿಡುತ್ತದೆ. ಕೊಡೈಕೆನಾಲಿನ ಕೆರೆಯನ್ನು 1863ರಲ್ಲಿ ಕಟ್ಟಿಸಿದ್ದು ಲೆವಿಂಜ್ ಎಂಬ ಅಧಿಕಾರಿ. ನಮ್ಮ ಪುಣೆಗೂ ಮುಂಬಯಿಗೂ ನಡುವಿನ ಮಾಥೇರಾನನ್ನು 1850ರಲ್ಲಿ ಹುಡುಕಿದ್ದು ಠಾಣೆಯ ಕಲೆಕ್ಟರ್ ಮ್ಯಾಲೆಟ್.

ಗಮನಿಸಿ, ಬೆಟ್ಟದ ಮೇಲಿನ ಈ 'ಸರೋವರ'ಗಳಲ್ಲಿ ಹೆಚ್ಚಿನವು ದೇವರು ಮಾಡಿದ್ದಲ್ಲ. ಹಳ್ಳಕ್ಕೆ ಏರಿ ಹಾಕಿ ನಿಲ್ಲಿಸಿದ ಕೆರೆಗಳು. ಮನುಷ್ಯ ಕಟ್ಟಿದ್ದನ್ನು ಮನುಷ್ಯನೇ ನೋಡಿಕೊಳ್ಳಬೇಕು, ಇಲ್ಲವಾದರೆ ಅದು ಉಳಿಯುವುದಿಲ್ಲ. ಊಟಿಯ ಕೆರೆ ಮೊದಲು ಈಗಿನದಕ್ಕಿಂತ ಬಹಳ ದೊಡ್ಡದಿತ್ತು. ಒಂದಷ್ಟು ಭಾಗ ಮುಚ್ಚಿಹೋಗಿ ಅದರ ಮೇಲೆ ರೇಸ್ ಕೋರ್ಸ್, ಬಸ್ ನಿಲ್ದಾಣಗಳು ಬಂದವು.

ಈಗ ನಮ್ಮ ವೆಣ್ಣಾ ಕೆರೆಗೆ ಬರೋಣ. ರಸ್ತೆ ಹಾಕಿಸಿ, ನೆಲ ಬಿಟ್ಟುಕೊಟ್ಟ ಪ್ರತಾಪಸಿಂಹನಿಗೆ ಕೊನೆಗೆ ಸಿಕ್ಕ ಮರ್ಯಾದೆ ಏನು ಗೊತ್ತೇ? 1839ರಲ್ಲಿ ಒಳಸಂಚಿನ ಆರೋಪ ಹೊರಿಸಿ ಅವನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು. ಅವನು 1847ರಲ್ಲಿ ಅಲ್ಲೇ ತೀರಿಕೊಂಡ. ಅವನ ಪರವಾಗಿ ವಾದಿಸಲು ರಂಗೋ ಬಾಪೂಜಿ ಎಂಬ ವಕೀಲ ಲಂಡನ್ನಿಗೇ ಹೋಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದು ಕಂಪನಿಯವರ ಬಾಗಿಲು ತಟ್ಟಿದ. ಏನೂ ಗಿಟ್ಟಲಿಲ್ಲ. ಪ್ರತಾಪಸಿಂಹನ ಜಾಗಕ್ಕೆ ಬಂದವನು ತಮ್ಮ ಶಹಾಜಿ. ಜನ ಅಪ್ಪಾಸಾಹೇಬ ಎನ್ನುತ್ತಿದ್ದರು. 1842ರಲ್ಲಿ ವೆಣ್ಣಾ ಕೆರೆ ಕಟ್ಟಿಸಿದವನು ಈ ಅಪ್ಪಾಸಾಹೇಬ. ಆರು ವರ್ಷ ಕಳೆಯುವಷ್ಟರಲ್ಲಿ, 1848ರಲ್ಲಿ, ಅವನೂ ತೀರಿಕೊಂಡ. ಸ್ವಂತ ಮಗನಿಲ್ಲ, ದತ್ತು ನಡೆಯುವುದಿಲ್ಲ ಎಂದು ಡಾಲ್‌ಹೌಸಿ ಇಡೀ ಸಾತಾರವನ್ನೇ ಕಂಪನಿಗೆ ಸೇರಿಸಿಕೊಂಡ. ಆ ಕಾನೂನಿಗೆ ಮೊದಲು ಬಲಿಯಾದ ರಾಜ್ಯವೇ ಸಾತಾರ.

ರಾಜ್ಯ ಹೋಯಿತು, ಕೆರೆ ಉಳಿಯಿತು. ಬೆಟ್ಟದ ಪಾಯಿಂಟುಗಳಿಗೆಲ್ಲ ಇಂಗ್ಲಿಷ್ ದೊರೆಗಳ ಹೆಸರು. ವಿಲ್ಸನ್, ಲಾಡ್ವಿಕ್, ಎಲ್ಫಿನ್‌ಸ್ಟನ್ ಎಂದು ಪಟ್ಟಿ ಉದ್ದಕ್ಕೆ ಬೆಳೆಯುತ್ತದೆ. ಕೆರೆಗೆ ಮಾತ್ರ ಕಟ್ಟಿಸಿದವನ ಹೆಸರಿಲ್ಲ, ನದಿಯ ಹೆಸರೇ ನಿಂತಿದೆ. ನಮ್ಮ ನಾಡಿನಲ್ಲಿ ಕೆರೆ ಕಟ್ಟಿಸಿದವರ ಹೆಸರನ್ನು ಏರಿಯ ಮೇಲೆ ಶಾಸನ ಹಾಕಿಸಿ ಉಳಿಸುತ್ತಿದ್ದರಲ್ಲ, ಅಪ್ಪಾಸಾಹೇಬನಿಗೆ ಜನರ ನೆನಪಿನಲ್ಲಿ ಅಷ್ಟೂ ಜಾಗ ಸಿಗಲಿಲ್ಲ.

ಹೆಸರೇ ಉಳಿಯದವರು ಇನ್ನೂ ಇದ್ದಾರೆ. 1830ರ ದಶಕದಲ್ಲಿ ಚೀನೀ ಮತ್ತು ಮಲಯ ಕೈದಿಗಳನ್ನು ತಂದು ಇಲ್ಲಿನ ಜೈಲಿನಲ್ಲಿಟ್ಟರು. ಅವರು ರಸ್ತೆ ಕೆಲಸ ಮಾಡಿದರು, ಬುಟ್ಟಿ ಹೆಣೆದರು, ಇಳಿಜಾರಿನಲ್ಲಿ ಆಲೂಗಡ್ಡೆ, ತರಕಾರಿ ಬೆಳೆದು ಊರವರಿಗೂ ಕಲಿಸಿದರು. ಜೈಲು 1864ರವರೆಗೆ ಇತ್ತು. ತೋಟಗಾರಿಕೆ ಆಮೇಲೂ ನಿಂತಿತು. ಇವತ್ತು ದೇಶದ ಸ್ಟ್ರಾಬೆರಿಯಲ್ಲಿ ಬಹುಪಾಲು ಈ ಸೀಮೆಯದು. 2010ರಲ್ಲಿ ಮಹಾಬಳೇಶ್ವರ ಸ್ಟ್ರಾಬೆರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಮುಂಬಯಿ ಸರಕಾರ ಬೇಸಿಗೆಯಲ್ಲಿ ಮಹಾಬಳೇಶ್ವರಕ್ಕೆ ಬರುತ್ತಿತ್ತು, ಮಳೆ ಶುರುವಾದರೆ ಪುಣೆಗೆ ಇಳಿಯುತ್ತಿತ್ತು. ಪುಣೆಯಲ್ಲಿ ಗವರ್ನರ್ ಇಳಿಯುತ್ತಿದ್ದ ಗಣೇಶಖಿಂಡದ ಬಂಗಲೆಯೇ ಈಗ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. ಬೆಟ್ಟಕ್ಕೆ ರೈಲು ಬರಲಿಲ್ಲ. ಪುಣೆಯಿಂದ ಮೀರಜ್, ಬೆಳಗಾವಿ ಕಡೆ ಹೋಗುವ ರೈಲಿನಲ್ಲಿ ವಾಠಾರ ಸ್ಟೇಷನ್ನಿನಲ್ಲಿಳಿದು ಮುಂದೆ ಟಾಂಗಾ ಹಿಡಿಯಬೇಕಿತ್ತು. ಆ ಹಳಿ ಹಾಕಿದ ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿ ಎಲ್ಲಿತ್ತು ಹೇಳಿ? ನಮ್ಮ ಧಾರವಾಡದಲ್ಲಿ!

ಇಷ್ಟೆಲ್ಲ ಇರುವ ಊರಿನಲ್ಲಿ ಕೆರೆ ಏಕೆ ಬೇಕಾಯಿತು? ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾದರೆ ಮಹಾಬಳೇಶ್ವರದಲ್ಲಿ ಐದೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು. ಆದರೆ ಅದು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಬೆಟ್ಟದ ನೆತ್ತಿಯ ಮೇಲಿರುವುದು ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಕರಿಕಲ್ಲು. ಜಂಬಿಟ್ಟಿಗೆಯಲ್ಲಿ ತೂತುಗಳಿರುವುದರಿಂದ ನೀರು ಇಂಗುತ್ತದೆ, ಕರಿಕಲ್ಲು ತಡೆದಾಗ ಪಕ್ಕಕ್ಕೆ ಹರಿದು ಬೆಟ್ಟದ ಬದಿಯಲ್ಲಿ ಒರತೆಯಾಗಿ ಹೊರಬರುತ್ತದೆ. ಉಳಿದದ್ದು ಕಡಿದಾದ ಕಣಿವೆಗೆ ಧುಮುಕಿ ಓಡಿಹೋಗುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಒರತೆಗಳು ಸಣ್ಣಗಾಗುತ್ತವೆ. ಊರಿಗೆ ಅತಿ ಹೆಚ್ಚು ಜನ ಬರುವುದೂ ಆಗಲೇ. ಅಂದರೆ ನಾವು ನೀವು ರಜೆಗೆ ಹೋಗುವ ತಿಂಗಳೇ ಆ ಬೆಟ್ಟಕ್ಕೆ ಬಾಯಾರುವ ತಿಂಗಳು. ನಾವು ದೋಣಿ ಹತ್ತುವ ಆ ಕೆರೆ ಊರಿನ ಕುಡಿಯುವ ನೀರೂ ಹೌದು. ಪಂಚಗಣಿಗೂ ಅದರಿಂದಲೇ ನೀರು ಹೋಗುತ್ತದೆ. 2001ರಲ್ಲಿ ಕೇಂದ್ರ ಸರಕಾರ ಮಹಾಬಳೇಶ್ವರ, ಪಂಚಗಣಿ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯ ಎಂದು ಸಾರಿ ಕಟ್ಟಡಗಳಿಗೆ ಮಿತಿ ಹಾಕಿದ್ದು ಸುಮ್ಮನೆ ಅಲ್ಲ.

ಇನ್ನು ನಮಗೆ ನೇರವಾಗಿ ತಟ್ಟುವ ಮಾತು. ಈ ಕೆರೆ ತುಂಬಿ ಹರಿದರೆ ವೆಣ್ಣಾ ನದಿ ಸಾತಾರದ ಹತ್ತಿರದ ಕಣ್ಹೇರ ಅಣೆಕಟ್ಟಿಗೆ ಬರುತ್ತದೆ, ಸಂಗಮ ಮಾಹುಲಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಕರಾಡದಲ್ಲಿ ಕೊಯ್ನಾ ಸೇರುತ್ತದೆ. ಸಾಂಗ್ಲಿ ದಾಟಿದರೆ ಮುಂದೆ ನಮ್ಮ ಬೆಳಗಾವಿ ಜಿಲ್ಲೆ, ಅಲ್ಲಿಂದ ಆಲಮಟ್ಟಿ. 2021ರ ಜುಲೈನಲ್ಲಿ ಮಹಾಬಳೇಶ್ವರದಲ್ಲಿ ಒಂದೇ ದಿನಕ್ಕೆ 590 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಪುಣೆಯ ವರ್ಷದ ಮಳೆಗೆ ಹತ್ತಿರ ಹತ್ತಿರ ಅದು! 2005ರಲ್ಲಿ, 2019ರಲ್ಲಿ ಚಿಕ್ಕೋಡಿ, ಅಥಣಿ, ಜಮಖಂಡಿ ಕಡೆಯ ಹಳ್ಳಿಗಳಿಗೆ ನೆರೆ ಬಂದಾಗಲೂ ಈ ಘಟ್ಟದ ನೀರೇ ಬಂದಿತ್ತು. ಪುಣೆಯಲ್ಲಿ ದುಡಿಯುವ ನಮ್ಮ ಜನರಲ್ಲಿ ಆ ಜಿಲ್ಲೆಗಳವರು ಬಹಳ ಮಂದಿ. ಊರಿಂದ ಬರುವ ಫೋನಿನಲ್ಲಿ "ಹೊಳಿ ಬಂದೈತ್ರೀ" ಎಂದರೆ ಅದರ ಮೊದಲ ಹನಿ ಬಿದ್ದದ್ದು ಇಲ್ಲಿ.

ಅದೇ ನದಿಗೆ ಇನ್ನೊಂದು ಕೆರೆಯೂ ಇದೆ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ. ಅದರ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ಜನ ನವನಗರಕ್ಕೆ ಹೋದರು. ಒಂದು ನೀರು ಬೆಟ್ಟದ ಮೇಲೆ ಊರನ್ನು ಬೆಳೆಸಿತು, ಕೆಳಗೆ ಊರನ್ನೇ ಎಬ್ಬಿಸಿತು. ಎರಡೂ ಕಡೆ ಪ್ರಶ್ನೆ ಒಂದೇ: ಹೊಸದು ಕಟ್ಟುವಾಗ ಹಳಬರಿಗೆ ಏನು ಸಿಕ್ಕಿತು?

ಮಗರಪಟ್ಟಾದಲ್ಲಿರುವವರು ಈ ಪ್ರಶ್ನೆಯನ್ನು ಚೆನ್ನಾಗಿ ಬಲ್ಲರು. ನಾವಿರುವ ಈ ಉಪನಗರ ಸುಮಾರು 120 ರೈತ ಕುಟುಂಬಗಳ ಹೊಲ. ಆ ಮನೆತನಗಳು 400 ಎಕರೆಗೂ ಹೆಚ್ಚು ಭೂಮಿಯನ್ನು ಬಿಲ್ಡರಿಗೆ ಮಾರಿ ಕೈತೊಳೆದುಕೊಳ್ಳದೆ, ಒಟ್ಟುಗೂಡಿಸಿ ತಾವೇ ಪಾಲುದಾರರಾದರು. ಮಾಲ್ಕಮ್ ಪೇಟಕ್ಕೆ ನೆಲ ಕೊಟ್ಟ ರಾಜನಿಗೆ ಸಿಕ್ಕಿದ್ದು ಒಂದು ಹಳ್ಳಿ, ಆಮೇಲೆ ಗಡಿಪಾರು. ಹಡಪಸರದ ರೈತರಿಗೆ ಊರಿನಲ್ಲಿ ಪಾಲು ಉಳಿಯಿತು. ರಾಜನಿಗೆ ಸಾಧ್ಯವಾಗದ್ದು ರೈತರಿಗೆ ಸಾಧ್ಯವಾಯಿತು ಎನ್ನಬೇಕು!

ಆದ್ದರಿಂದ ಈ ಬೇಸಿಗೆಯಲ್ಲಿ ಮಹಾಬಳೇಶ್ವರಕ್ಕೆ ಖಂಡಿತ ಹೋಗಿ. ದೋಣಿ ಹತ್ತಿ, ಸ್ಟ್ರಾಬೆರಿ ತಿನ್ನಿ. ಕೆರೆಗೆ ಪ್ಲಾಸ್ಟಿಕ್ ಬಿಸಾಡಬೇಡಿ, ಹೋಟೆಲಿನಲ್ಲಿ ನೀರು ಚೆಲ್ಲಬೇಡಿ. ಬಿಡುವಾದರೆ ಹಳೆಯ ಕ್ಷೇತ್ರಕ್ಕೂ ಹೋಗಿ ಗೋಮುಖದ ನೀರಿಗೆ ಕೈಯೊಡ್ಡಿ. ಮಕ್ಕಳಿಗೆ ಎರಡೇ ಮಾತು ಹೇಳಿ ಸಾಕು: ಈ ಕೆರೆ ಕಟ್ಟಿಸಿದವನು ಸಾತಾರದ ಅಪ್ಪಾಸಾಹೇಬ ಮಹಾರಾಜ; ಈ ನೀರು ಹೋಗುವುದು ನಮ್ಮೂರಿಗೆ.