ಕಸಿ ಅಂಗ, ಕಷಾಯ ಮತ್ತು ಟ್ಯಾಕ್ರೋಲಿಮಸ್

ಕಸಿ ಮಾಡಿದ ಅಂಗವನ್ನು ದೇಹ ಒಪ್ಪಿಕೊಳ್ಳಲು ಗಿಡಮೂಲಿಕೆಗಳು ನೆರವಾಗುತ್ತವೆ ಎಂಬ ವಾದವನ್ನು ಯಾವ ಅಳತೆಗೋಲಿನಿಂದ ಪರೀಕ್ಷಿಸಬೇಕು? 1953ರಲ್ಲಿ ವಿಜ್ಞಾನಿಗಳಾದ ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್ ಮತ್ತು ಮೆಡಾವರ್ ಒಂದು ತಳಿಯ ಇಲಿಭ್ರೂಣಗಳಿಗೆ ಇನ್ನೊಂದು ತಳಿಯ ಜೀವಕೋಶಗಳನ್ನು ಚುಚ್ಚಿದರು. ಆ ಇಲಿಗಳು ಬೆಳೆದ ಮೇಲೆ, ಕೋಶ ಕೊಟ್ಟ ತಳಿಯ ಚರ್ಮದ ಕಸಿಯನ್ನು ಉಳಿಸಿಕೊಂಡವು. ಮೂರನೆಯ ತಳಿಯ ಚರ್ಮವನ್ನು ಎಂದಿನಂತೆ ತಿರಸ್ಕರಿಸಿದವು. ಅಳತೆಗೋಲು ಇದೇ: ಔಷಧಿಯ ಹಂಗಿಲ್ಲದೆ ಕಸಿ ಉಳಿಯಬೇಕು, ಮಿಕ್ಕೆಲ್ಲದರ ವಿರುದ್ಧ ಪ್ರತಿರಕ್ಷಣೆ ಚುರುಕಾಗಿಯೇ ಇರಬೇಕು. ಪ್ರತಿರಕ್ಷಾ ಸಹಿಷ್ಣುತೆಯ ಈ ಎರಡೂ ಷರತ್ತುಗಳನ್ನು ಮನುಷ್ಯರಲ್ಲಿ ಪೂರೈಸಿ ತೋರಿಸಿದ ಮೂಲಿಕೆ ಇನ್ನೂ ಇಲ್ಲ.

ಹತ್ತಿರ ಬಂದದ್ದೆಂದು ಹೆಚ್ಚಾಗಿ ಹೆಸರಿಸುವುದು ಚೀನಾದ ಟ್ರಿಪ್ಟೆರಿಜಿಯಂ ಬಳ್ಳಿಯನ್ನು. ಅದರಲ್ಲಿರುವ ಟ್ರಿಪ್ಟೊಲೈಡ್ ಎಂಬ ಸಂಯುಕ್ತ ಪ್ರತಿರಕ್ಷಣೆಯ ಟಿ ಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತದೆ, ಪ್ರಯೋಗಪ್ರಾಣಿಗಳಲ್ಲಿ ಕಸಿಯ ಆಯುಷ್ಯ ಹೆಚ್ಚಿಸುತ್ತದೆ. ಆದರೆ ಇದು ದಮನವೇ ಹೊರತು ಸಹಿಷ್ಣುತೆಯಲ್ಲ. ಯಕೃತ್ತು, ಮೂತ್ರಪಿಂಡ, ವೀರ್ಯೋತ್ಪತ್ತಿ ಮೂರಕ್ಕೂ ಅದರಿಂದ ಹಾನಿಯುಂಟು.

ನನ್ನ ದೃಷ್ಟಿಯಲ್ಲಿ ಮೂಲಿಕೆಯ ನಿಜವಾದ ಪ್ರಭಾವವನ್ನು ಹುಡುಕಬೇಕಾದದ್ದು ಬೇರೆಡೆ, ಕರುಳು ಮತ್ತು ಯಕೃತ್ತಿನಲ್ಲಿ. ಕಸಿಯ ತಿರಸ್ಕಾರ ತಡೆಯುವ ಔಷಧಿಗಳಾದ ಸೈಕ್ಲೊಸ್ಪೋರಿನ್, ಟ್ಯಾಕ್ರೋಲಿಮಸ್ ಎರಡನ್ನೂ ಮುಖ್ಯವಾಗಿ ಸಿವೈಪಿ3ಎ ಕಿಣ್ವಗಳು ಒಡೆಯುತ್ತವೆ. ಪಿ-ಗ್ಲೈಕೊಪ್ರೋಟೀನ್ ಅವನ್ನು ಕರುಳಿನ ಕೋಶದಿಂದ ಹೊರಕ್ಕೆ ತಳ್ಳುತ್ತದೆ. ರಕ್ತದಲ್ಲಿ ಇವುಗಳ ಮಟ್ಟ ಇಳಿದರೆ ಕಸಿಯ ತಿರಸ್ಕಾರದ ಅಪಾಯ, ಏರಿದರೆ ಮೂತ್ರಪಿಂಡಕ್ಕೆ ಪೆಟ್ಟಿನ ಅಪಾಯ. 2000ದಲ್ಲಿ ಜ್ಯೂರಿಕ್‌ನ ವೈದ್ಯರು ವರದಿ ಮಾಡಿದ ಇಬ್ಬರು ಹೃದಯ ಕಸಿ ರೋಗಿಗಳು ಖಿನ್ನತೆಗೆಂದು ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಸೇವಿಸುತ್ತಿದ್ದರು. ಅದರ ಹೈಪರ್‌ಫೊರಿನ್ ಈ ಕಿಣ್ವಗಳನ್ನು ಹೆಚ್ಚಿಸುತ್ತದೆ. ಸೈಕ್ಲೊಸ್ಪೋರಿನ್ ಮಟ್ಟ ಕುಸಿಯಿತು, ಇಬ್ಬರಲ್ಲೂ ತೀವ್ರ ತಿರಸ್ಕಾರ ಕಾಣಿಸಿಕೊಂಡಿತು. ಚೀನಾದ ವುಝಿ ಕ್ಯಾಪ್ಸೂಲ್ ಇದಕ್ಕೆ ತದ್ವಿರುದ್ಧ. ಶಿಸಾಂಡ್ರಾ ಹಣ್ಣಿನ ಈ ಸಾರ ಕಿಣ್ವವನ್ನು ತಡೆಯುವುದರಿಂದ ಟ್ಯಾಕ್ರೋಲಿಮಸ್ ಮಟ್ಟ ಏರುತ್ತದೆ. ದುಬಾರಿ ಮಾತ್ರೆಯ ಪ್ರಮಾಣ ಇಳಿಸಲು ಅಲ್ಲಿನ ವೈದ್ಯರು ಇದನ್ನೇ ಬಳಸಿಕೊಂಡಿದ್ದಾರೆ. ಇಲ್ಲಿ ಕಸಿ ಉಳಿದರೆ ಶ್ರೇಯಸ್ಸು ಹಣ್ಣಿನದೋ ಮಾತ್ರೆಯದೋ? ರಕ್ತದ ಮಟ್ಟ ನೋಡದೆ ಹೇಳಲಾಗದು.

ನಮ್ಮ ಮನೆಗಳ ಕಷಾಯವೂ ಈ ಲೆಕ್ಕದಿಂದ ಹೊರಗಿಲ್ಲ. ಕಾಳುಮೆಣಸಿನ ಪೈಪರಿನ್ ಪಿ-ಗ್ಲೈಕೊಪ್ರೋಟೀನನ್ನೂ ಸಿವೈಪಿ3ಎ4 ಅನ್ನೂ ತಡೆಯುತ್ತದೆಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ; ಸಾರಿನ ಮೆಣಸಿಗೆ ಹೆದರಬೇಕಿಲ್ಲ, ದಿನಕ್ಕೆರಡು ಲೋಟ ಗಟ್ಟಿ ಕಷಾಯದ ಮಾತು ಬೇರೆ. ಅಮೃತಬಳ್ಳಿಯದು ಇನ್ನೊಂದು ತೊಡಕು. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಹಾನಿಯನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದು ಸ್ವಪ್ರತಿರಕ್ಷಿತ ಯಕೃತ್ತಿನ ಉರಿಯೂತವನ್ನು ಹೋಲುತ್ತಿತ್ತು. ಬಳಸಿದ ಬಳ್ಳಿ ಬೇರೆ ಪ್ರಭೇದದ್ದಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಆಕ್ಷೇಪಕ್ಕೆ ಆಧಾರವಿದ್ದರೂ ಕಸಿ ರೋಗಿಗೆ ನೆಮ್ಮದಿಯಿಲ್ಲ: ಮಾರುಕಟ್ಟೆಯ ಪುಡಿಯಲ್ಲಿ ಯಾವ ಬಳ್ಳಿಯಿದೆ ಎಂಬುದೇ ಅನಿಶ್ಚಿತವೆಂದಾಯಿತು. ಅಲ್ಲದೆ ಈ ಬಳ್ಳಿಯನ್ನು ಜನ ಕೊಳ್ಳುವುದೇ ರೋಗನಿರೋಧಕ ಶಕ್ತಿ ಹೆಚ್ಚಲೆಂದು. ತಿರಸ್ಕಾರ ತಡೆಯಲು ಕಸಿ ರೋಗಿ ನುಂಗುವ ಮಾತ್ರೆಗಳ ಕೆಲಸ ಅದನ್ನು ತಗ್ಗಿಸುವುದು.

ಆದ್ದರಿಂದ ಮೂಲಿಕೆಯ ಯಾವುದೇ ಪ್ರಯೋಗ ಸಸ್ಯದ ಗುರುತನ್ನು ಮೊದಲು ಖಚಿತಪಡಿಸಬೇಕು. ಪ್ರತಿ ಭೇಟಿಯಲ್ಲೂ ಬೆಳಗಿನ ಮಾತ್ರೆಗೆ ಮುಂಚಿನ ಟ್ಯಾಕ್ರೋಲಿಮಸ್ ಮಟ್ಟವನ್ನು ದಾಖಲಿಸಿ, ಮೂಲಿಕೆ ಪಡೆದ ಮತ್ತು ಪಡೆಯದ ಎರಡೂ ಗುಂಪುಗಳಲ್ಲಿ ಅದನ್ನು ಸಮವಾಗಿರಿಸಬೇಕು. ಹಾಗೆ ಸಮವಿದ್ದಾಗಲೂ ಮೂಲಿಕೆ ಪಡೆದವರಲ್ಲಿ ತಿರಸ್ಕಾರ ಕಡಿಮೆಯಾದರೆ ಮಾತ್ರ ಸಹಿಷ್ಣುತೆಯ ಸುಳಿವು ಹುಡುಕಲು ನಿಯಂತ್ರಕ ಟಿ ಕೋಶಗಳ ಎಣಿಕೆಗೆ ಕೈಹಾಕುವುದರಲ್ಲಿ ಅರ್ಥವಿದೆ.